ದಂಡ ಬೇಡ, ಶಿರಸ್ತ್ರಾಣ ಬೇಕು

ಮೋಟಾರು ಬೈಕಿನಲ್ಲಿ ಸಾಗುವವರು ಶಿರಸ್ತ್ರಾಣ ಧರಿಸಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಅದನ್ನು ವಿಧಿಸುತ್ತದೆ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯಗೊಳಿಸಲಾಯಿತು. ಆದರೆ ಸೈಕಲ್ಲು ಮೋಟಾರು ವಾಹನವಲ್ಲ. ಆದುದರಿಂದ ಸೈಕಲ್ ಸವಾರನ ತಲೆಯ ವಿಚಾರದಲ್ಲಿ ಆ ಕಲಮು ಮೌನವಾಗಿದೆ. ಅದೇ ರಸ್ತೆ, ಅದೇ ಲಾರಿ, ಅದೇ ಡಾಂಬರು. ಒಬ್ಬನಿಗೆ ಕಡ್ಡಾಯ, ಇನ್ನೊಬ್ಬನಿಗೆ ಇಲ್ಲ. ಇದು ಸರಿಯೇ, ಸೈಕಲ್ ತುಳಿಯುವವರಿಗೂ ಕಡ್ಡಾಯ ಮಾಡಬಾರದೇಕೆ ಎಂದು ಶ್ರೀಮಠದ ಭಕ್ತರಲ್ಲಿ ಹಲವರು, ಅದರಲ್ಲಿಯೂ ಪ್ರೌಢಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು, ನಮ್ಮನ್ನು ಕೇಳುತ್ತಿರುತ್ತಾರೆ.

ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಬೆರೆತಿವೆ. ಶಿರಸ್ತ್ರಾಣದಿಂದ ಸೈಕಲ್ ಸವಾರನಿಗೆ ಪ್ರಯೋಜನವುಂಟೆ ಎಂಬುದು ವೈದ್ಯನು ಉತ್ತರಿಸಬೇಕಾದುದು. ಧರಿಸದವನನ್ನು ತಡೆದು ದಂಡ ವಿಧಿಸಬೇಕೆ ಎಂಬುದು ಸಮಾಜವು ಉತ್ತರಿಸಬೇಕಾದುದು. ಮೊದಲನೆಯದಕ್ಕೆ ನಮ್ಮ ಉತ್ತರ ನಿಸ್ಸಂದೇಹವಾಗಿ ಹೌದು. ಎರಡನೆಯದಕ್ಕೆ ನಮ್ಮ ಉತ್ತರ ಬೇಡ ಎಂಬುದಾಗಿದೆ. ಹೊಣೆಯನ್ನು ಸೈಕಲ್ ತುಳಿಯುವವನ ಮೇಲೆ ಹೊರಿಸುವ ಬದಲು ಸೈಕಲ್ ಕೊಡುವವರು, ಮಾರುವವರು ಮತ್ತು ಮಕ್ಕಳನ್ನು ರಸ್ತೆಗೆ ಕಳುಹಿಸುವವರು ಹೊರಬೇಕೆಂಬುದು ನಮ್ಮ ಅಭಿಪ್ರಾಯ.

ಉತ್ತಮಾಂಗ

ಚರಕಾಚಾರ್ಯರು ಶಿರಸ್ಸನ್ನು ಉತ್ತಮಾಂಗವೆಂದು ಕರೆದರು. ಪ್ರಾಣವೂ ಸಮಸ್ತ ಇಂದ್ರಿಯಗಳೂ ಅಲ್ಲಿ ಆಶ್ರಯ ಪಡೆದಿರುವುದೇ ಅದಕ್ಕೆ ಕಾರಣ. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ ಹೃದಯ, ಬಸ್ತಿ, ಶಿರಸ್ಸು ಎಂಬ ಮೂರನ್ನು ಪ್ರಧಾನ ಮರ್ಮಗಳೆಂದು ಬೇರೆಯಾಗಿಯೇ ವಿವರಿಸಲಾಗಿದೆ. ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ಹೇಳಿದ 107 ಮರ್ಮಗಳಲ್ಲಿ 37 ಮರ್ಮಗಳು ಕತ್ತಿನಲ್ಲಿ ಮತ್ತು ಅದರ ಮೇಲ್ಭಾಗದಲ್ಲಿಯೇ ಇವೆ. ಪೆಟ್ಟು ಬಿದ್ದರೆ ಬೇಗನೆ ಪ್ರಾಣವನ್ನು ಒಯ್ಯುವ ಸದ್ಯಃಪ್ರಾಣಹರ ಮರ್ಮಗಳು ಒಟ್ಟು 19. ಅವುಗಳಲ್ಲಿ 15 ಇದೇ ಭಾಗಕ್ಕೆ ಸೇರಿದವು.

ಇವುಗಳಲ್ಲಿ ಶಂಖ ಮರ್ಮವನ್ನು ಭಕ್ತರು ಮುಖ್ಯವಾಗಿ ಅರಿತಿರಬೇಕು. ಹುಬ್ಬಿನ ಕೊನೆಗೂ ಕಿವಿಗೂ ನಡುವೆ ಇರುವ, ಕಣತಲೆ ಎಂದು ನಾವು ಕರೆಯುವ ಜಾಗವೇ ಅದು. ಆಧುನಿಕ ಶರೀರರಚನಾ ಶಾಸ್ತ್ರವೂ ಅದೇ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ. ಅಲ್ಲಿ ತಲೆಬುರುಡೆಯ ಮೂಳೆ ತೀರ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಮೆದುಳಿನ ಹೊದಿಕೆಗೆ ರಕ್ತ ಒಯ್ಯುವ ಧಮನಿಯೊಂದು ಹಾದುಹೋಗುತ್ತದೆ. ಮೂಳೆ ಬಿರಿದರೆ ಆ ಧಮನಿ ಹರಿಯಬಹುದು. ಹರಿದರೆ ಬುರುಡೆಗೂ ಹೊದಿಕೆಗೂ ನಡುವೆ ರಕ್ತ ತುಂಬುತ್ತ ಹೋಗಿ ಮೆದುಳನ್ನು ಒತ್ತತೊಡಗುತ್ತದೆ.

ಈ ರಕ್ತಸ್ರಾವ ಮೋಸದ ಸ್ವಭಾವದ್ದು. ಬಿದ್ದವನು ಎದ್ದು ನಿಲ್ಲುತ್ತಾನೆ, ಮಾತನಾಡುತ್ತಾನೆ, ಏನೂ ಆಗಿಲ್ಲವೆನ್ನುತ್ತಾನೆ. ಕೆಲವು ಗಂಟೆಗಳ ನಂತರ ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ಮಂಪರು ಕವಿಯುತ್ತದೆ. ಮನೆಯವರು ಆಯಾಸವೆಂದು ಮಲಗಲು ಬಿಟ್ಟರೆ ಆ ನಿದ್ರೆಯಿಂದ ಎಚ್ಚರವಾಗದಿರಬಹುದು. ಕಬ್ಬಿನ ಹಂಗಾಮಿನಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನನ್ನು ರಾತ್ರಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಕೊಡಲು ಹೋಗಿ ರಸ್ತೆಯ ಅಂಚಿನಿಂದ ಸೈಕಲ್ ಸಮೇತ ಜಾರಿ ಬಿದ್ದಿದ್ದ. ತಾನೇ ಎದ್ದು, ಸೈಕಲ್ ತುಳಿದುಕೊಂಡೇ ಮನೆಗೆ ಹೋಗಿ, ಊಟವನ್ನೂ ಮಾಡಿದ್ದ. ಬಳಿಕ ಎರಡು ಬಾರಿ ವಾಂತಿಯಾಯಿತು. ತಲೆಗೆ ಹಚ್ಚಲು ಒಂದು ಲೇಪ ಕೊಡಿರೆಂದು ಅವನ ಅಜ್ಜ ಕೇಳಿದರು. ಹುಡುಗನ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿರುವುದನ್ನು ಕಂಡು, ಲೇಪದ ಮಾತಿಗೆ ಎಡೆಗೊಡದೆ, ತಲೆಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ಕ್ಷಣವೇ ಕಳುಹಿಸಿದೆವು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ನಡೆದು ಅವನು ಉಳಿದುಕೊಂಡ. ಅಂಥ ಆಸ್ಪತ್ರೆ ಒಂದೂವರೆ ಗಂಟೆಯ ದಾರಿಯಲ್ಲಿದ್ದುದರಿಂದ ಉಳಿದುಕೊಂಡ. ನಮ್ಮ ಎಷ್ಟೋ ಹಳ್ಳಿಗಳಿಗೆ ಆ ಭಾಗ್ಯವಿಲ್ಲ.

ಶಿರಸ್ತ್ರಾಣ ಏನು ಮಾಡುತ್ತದೆ, ಏನು ಮಾಡದು

ಸೈಕಲ್ ಶಿರಸ್ತ್ರಾಣದ ಒಳಗಿರುವುದು ಥರ್ಮಾಕೋಲಿನ ಜಾತಿಯ, ಆದರೆ ಅದಕ್ಕಿಂತ ಗಟ್ಟಿಯಾದ ವಸ್ತು. ತಲೆ ನೆಲಕ್ಕೆ ಬಡಿದಾಗ ಅದು ತಾನು ಕುಗ್ಗಿ, ಒಡೆದು, ಪೆಟ್ಟಿನ ರಭಸವನ್ನು ತಾನೇ ನುಂಗುತ್ತದೆ. ತಲೆಗೆ ನಿಲ್ಲಲು ಕ್ಷಣದ ಒಂದಂಶ ಹೆಚ್ಚು ಸಮಯ ದೊರೆಯುತ್ತದೆ. ಬುರುಡೆ ಬಿರಿಯುವುದೂ ಬಿರಿಯದಿರುವುದೂ ಆ ಒಂದಂಶದಲ್ಲಿ ನಿರ್ಧಾರವಾಗುತ್ತದೆ.

ಇದು ಬರಿಯ ತರ್ಕವಲ್ಲ. ಅನೇಕ ದೇಶಗಳಲ್ಲಿ ನಡೆದ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಅಪಘಾತಕ್ಕೆ ಸಿಕ್ಕವರಲ್ಲಿ ಶಿರಸ್ತ್ರಾಣ ಧರಿಸಿದ್ದವರಿಗೆ ತಲೆಗೆ ಗಂಭೀರ ಗಾಯವಾಗುವ ಸಂಭವ ಸುಮಾರು ಶೇ. 69ರಷ್ಟು ಕಡಿಮೆಯಿತ್ತೆಂದು ಅದು ತೋರಿಸಿತು. ಇಷ್ಟು ಗುಣ ತೋರುವ ಔಷಧವೊಂದು ಇದ್ದಿದ್ದರೆ ವೈದ್ಯರೆಲ್ಲರೂ ಅದನ್ನು ಬರೆದುಕೊಡುತ್ತಿದ್ದರು.

ಆದರೆ ಔಷಧದ ಮಿತಿಯನ್ನು ಹೇಳದ ವೈದ್ಯ ಅರ್ಧ ವೈದ್ಯ. ಸೈಕಲ್ ಶಿರಸ್ತ್ರಾಣವನ್ನು ಪರೀಕ್ಷಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ. ಅಂದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್ ವೇಗದ ಪೆಟ್ಟು. ತಗ್ಗಿಗೆ ಸಿಕ್ಕಿ ಬಿದ್ದವನಿಗೆ, ನಾಯಿ ಅಡ್ಡ ಬಂದು ಉರುಳಿದವನಿಗೆ, ಮಳೆಯಲ್ಲಿ ಜಾರಿದವನಿಗೆ ಅದು ದೊಡ್ಡ ಆಸರೆ. 80 ಕಿಲೋಮೀಟರ್ ವೇಗದಲ್ಲಿ ಬಂದು ಹಿಂದಿನಿಂದ ಅಪ್ಪಳಿಸುವ ಲಾರಿಯ ಎದುರು ಅದಕ್ಕೆ ಆ ಶಕ್ತಿಯಿಲ್ಲ. ಎದೆ, ಹೊಟ್ಟೆ, ಸೊಂಟಗಳನ್ನು ಅದು ಕಾಯುವುದೂ ಇಲ್ಲ. ಈ ಮಿತಿಯನ್ನು ಮರೆತವರು ಸೈಕಲ್ ಸವಾರನ ತಲೆಗೊಂದು ಟೋಪಿ ಹಾಕಿಸಿ ತಮ್ಮ ಕರ್ತವ್ಯ ಮುಗಿಯಿತೆಂದು ಕುಳಿತುಬಿಡುತ್ತಾರೆ.

ಹೊರದೇಶಗಳ ಅನುಭವ

ಕಾನೂನು ಮಾಡಿದ ದೇಶಗಳಿವೆ. ಅವುಗಳ ಅನುಭವ ನಮಗೆ ಪಾಠವಾಗಬಲ್ಲದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1990ರ ಜುಲೈ 1ರಂದು ಸೈಕಲ್ ಸವಾರರೆಲ್ಲರಿಗೂ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಅದಕ್ಕೆ ಮೊದಲು ನೂರರಲ್ಲಿ 31 ಜನ ಧರಿಸುತ್ತಿದ್ದರೆ ಮರುವರ್ಷ 75 ಜನ ಧರಿಸತೊಡಗಿದರು. ತಲೆಯ ಗಾಯಗಳೂ ಇಳಿದವು. ಆದರೆ ಮೆಲ್ಬರ್ನ್ ನಗರದಲ್ಲಿ ನಡೆಸಿದ ಎಣಿಕೆಯಲ್ಲಿ ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೇ ಗಣನೀಯವಾಗಿ ಕುಗ್ಗಿರುವುದು ಕಂಡುಬಂದಿತು. ಗಾಯಗಳ ಇಳಿಕೆಯಲ್ಲಿ ಎಷ್ಟು ಪಾಲು ಶಿರಸ್ತ್ರಾಣದ್ದು, ಎಷ್ಟು ಪಾಲು ಸೈಕಲ್ಲನ್ನೇ ಬಿಟ್ಟುದರದ್ದು ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ನಮ್ಮಂಥ ವೈದ್ಯರಿಗೆ ಈ ಎರಡನೆಯ ಸಂಗತಿ ಸಣ್ಣದಲ್ಲ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಬ್ರಿಟನ್ನಿನಲ್ಲಿ ಸುಮಾರು 2,63,000 ಜನರನ್ನು ಗಮನಿಸಿದ ಅಧ್ಯಯನವೊಂದು, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಯಾವುದೇ ಕಾರಣದಿಂದ ಸಂಭವಿಸುವ ಮರಣದ ಅಪಾಯ ಶೇ. 41ರಷ್ಟು ಕಡಿಮೆಯಿತ್ತೆಂದು 2017ರಲ್ಲಿ ಹೇಳಿತು. ಇದರ ಶ್ರೇಯಸ್ಸೆಲ್ಲವನ್ನೂ ಸೈಕಲ್ಲೊಂದಕ್ಕೇ ಕೊಡಲಾಗದು. ಸೈಕಲ್ ತುಳಿಯುವವರು ಮೊದಲೇ ಆರೋಗ್ಯವಂತರಾಗಿರಬಹುದು. ಆದರೂ ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ, ಅಂದರೆ ಏದುಸಿರು ಬರುವ ಮೊದಲೇ ನಿಲ್ಲಿಸುವಂತೆ ಮಾಡಬೇಕೆಂದು ಆಯುರ್ವೇದ ಹೇಳುವ ಮಾತಿಗೆ ಹದವಾದ ಸೈಕಲ್ ಸವಾರಿಗಿಂತ ಸುಲಭವಾದ ಉದಾಹರಣೆ ನಮಗೆ ಕಾಣದು. ಜನರನ್ನು ಸೈಕಲ್ಲಿನಿಂದ ಇಳಿಸಿ ಬೈಕಿಗೆ ಹತ್ತಿಸುವ ಯಾವ ಕಾನೂನೂ ಆರೋಗ್ಯದ ಕಾನೂನಾಗಲಾರದು.

ಸ್ಪೇನ್ ದೇಶ ಮಧ್ಯದ ದಾರಿಯನ್ನು ಹಿಡಿಯಿತು. ಅಲ್ಲಿ 16 ವರ್ಷದೊಳಗಿನವರಿಗೆ ಎಲ್ಲೆಡೆಯೂ ಕಡ್ಡಾಯ. ದೊಡ್ಡವರಿಗೆ ಊರಿನ ಹೊರಗಿನ ರಸ್ತೆಗಳಲ್ಲಿ ಮಾತ್ರ. ಎಲ್ಲರಿಗೂ ಒಂದೇ ಕೋಲಿನ ಅಳತೆ ಬೇಡವೆಂಬ ವಿವೇಕ ಇದರಲ್ಲಿದೆ.

ದಂಡ ಬೀಳುವುದು ಯಾರ ಮೇಲೆ

ನಮ್ಮ ನಾಡಿನಲ್ಲಿ ಸೈಕಲ್ ತುಳಿಯುವವರು ಯಾರೆಂಬುದನ್ನು ಒಮ್ಮೆ ನೋಡೋಣ. ಬೆಂಗಳೂರು, ಮೈಸೂರುಗಳಲ್ಲಿ ಬೆಲೆಬಾಳುವ ಸೈಕಲ್ಲೇರಿ ಮುಂಜಾನೆ ವ್ಯಾಯಾಮಕ್ಕೆ ಹೊರಡುವವರು ಹೆಚ್ಚಾಗಿ ಶಿರಸ್ತ್ರಾಣ ಧರಿಸಿಯೇ ಇರುತ್ತಾರೆ. ಧರಿಸದೆ ಹೋಗುವವರು ಬೇರೆಯವರು. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡವರು, ಕತ್ತಲೆಯಲ್ಲಿ ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು, ಗಾರೆ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರರು, ಸೊಪ್ಪು ಮಾರುವವರು. ಸೈಕಲ್ಲು ಇವರ ಕಾಯಕದ ಸಾಧನ. ಒಂದು ಒಳ್ಳೆಯ ಶಿರಸ್ತ್ರಾಣದ ಬೆಲೆ ಇವರ ಒಂದೆರಡು ದಿನದ ದುಡಿಮೆಗೆ ಸಮ. ಅದನ್ನು ಕೊಳ್ಳಲಾಗದವನಿಂದ ಅದೇ ಮೊತ್ತವನ್ನು ದಂಡವಾಗಿ ಕಿತ್ತುಕೊಂಡರೆ ಅವನ ತಲೆ ಮರುದಿನವೂ ಬರಿದಾಗಿಯೇ ಇರುತ್ತದೆ. ಮನೆಯ ಒಲೆಗೆ ಮಾತ್ರ ಕೊರತೆಯಾಗುತ್ತದೆ.

ನಮ್ಮ ವಯಸ್ಸಿನ ಭಕ್ತರಿಗೆ ಇದು ಹೊಸದಲ್ಲ. ಸೈಕಲ್ಲಿಗೆ ದೀಪವಿಲ್ಲದಿದ್ದರೆ, ಇಬ್ಬರು ಕುಳಿತರೆ, ಪೊಲೀಸರು ತಡೆಯುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ದಂಡ ತೆರಲಾಗದವನ ಚಕ್ರದ ಗಾಳಿ ಬಿಡಿಸಿ ನಡೆಸಿಕೊಂಡು ಹೋಗಲು ಹೇಳುತ್ತಿದ್ದುದೂ ಉಂಟು. ಆ ಭಯದಿಂದ ಕೆಲವರು ಡೈನಮೋ ಹಾಕಿಸಿದರೆಂಬುದು ನಿಜ. ಪೊಲೀಸರು ನಿಲ್ಲುವ ವೃತ್ತವನ್ನು ಬಿಟ್ಟು ಓಣಿಯಲ್ಲಿ ನುಸುಳಿದವರೇ ಹೆಚ್ಚು. ಇಂದು ಬೈಕ್ ಸವಾರರಲ್ಲಿ ಅನೇಕರು ಧರಿಸುವ ಬಟ್ಟಲಿನಂಥ ಹಗುರ ಟೋಪಿಯನ್ನು ನೋಡಿ. ಅದು ಕಾಯುವುದು ಜೇಬನ್ನು, ತಲೆಯನ್ನಲ್ಲ. ದಂಡದ ಭಯದಿಂದ ತೊಟ್ಟ ಶಿರಸ್ತ್ರಾಣದ ಗತಿ ಹಲವೆಡೆ ಹೀಗೆ.

ಕಾನೂನಿಲ್ಲದೆ ಜನ ಧರಿಸುವರೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಿಕ್ಟೋರಿಯಾದ ಅಂಕಿಗಳೇ ಕಾನೂನಿನ ಬಲವನ್ನು ತೋರಿಸುತ್ತವೆ. ಕಾನೂನೇ ಬೇಡವೆಂದು ನಾವು ಹೇಳುತ್ತಿಲ್ಲ. ಕಾನೂನಿನ ಬೆರಳು ಯಾರತ್ತ ತಿರುಗಬೇಕೆಂಬುದಷ್ಟೇ ನಮ್ಮ ಮಾತು.

ನಿದಾನ ಪರಿವರ್ಜನ

ರೋಗದ ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಆಯುರ್ವೇದದಲ್ಲಿ ಇದಕ್ಕೆ ನಿದಾನ ಪರಿವರ್ಜನವೆಂದು ಹೆಸರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಂದರೆ ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು ಜನ. ಸೈಕಲ್ ಸವಾರನ ಮಟ್ಟಿಗೆ ಈ ವ್ಯಾಧಿಯ ನಿದಾನ ಅವನ ಬರಿದಾದ ತಲೆಯಲ್ಲ. ಮಿತಿಮೀರಿದ ವೇಗ, ದೀಪವಿಲ್ಲದ ರಸ್ತೆ, ಹಿಂದೆ ಕೆಂಪು ಪಟ್ಟಿಯೂ ಇಲ್ಲದೆ ಸಾಗುವ ಟ್ರೇಲರು, ಅಂಚಿನಲ್ಲಿ ಒಂದು ಗೇಣು ಜಾಗವನ್ನೂ ಬಿಡದ ಡಾಂಬರು, ಇವೇ ನಿದಾನ. ವಾಹನದ ವೇಗ ಎರಡರಷ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆ. ಶಾಲೆಯ ಮುಂದಿನ ರಸ್ತೆಯಲ್ಲಿ ವೇಗವನ್ನು 60ರಿಂದ 30ಕ್ಕೆ ಇಳಿಸಿದರೆ ಆಗುವ ಉಪಕಾರವನ್ನು ಯಾವ ಶಿರಸ್ತ್ರಾಣವೂ ಮಾಡಲಾರದು.

ನೆದರ್ಲೆಂಡ್ಸ್ ದೇಶ ಇದಕ್ಕೆ ಸಾಕ್ಷಿ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಚಳವಳಿ ಹೂಡಿದರು. ಮುಂದಿನ ದಶಕಗಳಲ್ಲಿ ಆ ದೇಶ ಸೈಕಲ್ಲಿಗೆ ಬೇರೆ ಪಥಗಳನ್ನು ಕಟ್ಟಿತು, ಊರೊಳಗಿನ ವೇಗವನ್ನು ತಗ್ಗಿಸಿತು. ಇಂದು ಅಲ್ಲಿ ಮುದುಕರೂ ಮಕ್ಕಳೂ ಹೆಚ್ಚಾಗಿ ಶಿರಸ್ತ್ರಾಣವಿಲ್ಲದೆಯೇ ನಿರ್ಭಯವಾಗಿ ಸೈಕಲ್ ತುಳಿಯುತ್ತಾರೆ. ನಮ್ಮ ರಸ್ತೆಗಳು ಹಾಗಾಗುವವರೆಗೆ ಶಿರಸ್ತ್ರಾಣ ನಮಗೆ ಬೇಕೇ ಬೇಕು. ಆದರೆ ರಸ್ತೆಯನ್ನು ಸರಿಪಡಿಸಬೇಕಾದವರ ಪಾಲಿಗೆ ಅದು ನೆಪವಾಗಕೂಡದು.

ಹೊಣೆ ಯಾರದು

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯದಲ್ಲಿ ಮೂರು ಕಡೆ ಕಡ್ಡಾಯ ಇರಲಿ.

ಮೊದಲನೆಯದು ಮಾರಾಟದಲ್ಲಿ. ಹೊಸ ಬೈಕು ಕೊಂಡಾಗ ತಯಾರಕರು ಪ್ರಮಾಣಿತ ಶಿರಸ್ತ್ರಾಣವನ್ನು ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಈಗಾಗಲೇ ಹೇಳುತ್ತವೆ. ಸೈಕಲ್ಲಿಗೂ ಅದೇ ನಿಯಮ ಬರಲಿ. ಎರಡನೆಯದು ದಾನದಲ್ಲಿ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗಾಗಿ ಆರಂಭಿಸಿದ ಸೈಕಲ್ ಯೋಜನೆ ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ತಲುಪಿಸಿತು. ಅದೊಂದು ಪುಣ್ಯಕಾರ್ಯ. ಇನ್ನು ಮುಂದೆ ಸರ್ಕಾರವಾಗಲಿ, ಸಂಘಸಂಸ್ಥೆಯಾಗಲಿ, ಮಠಮಾನ್ಯಗಳಾಗಲಿ ಮಗುವಿಗೆ ಸೈಕಲ್ ಕೊಡುವಾಗ ಶಿರಸ್ತ್ರಾಣವನ್ನೂ ಹಿಂದೆ ಹೊಳೆಯುವ ರಿಫ್ಲೆಕ್ಟರನ್ನೂ ಜೊತೆಗೆ ಕೊಡಲೇಬೇಕು. ಮೂರನೆಯದು ಶಾಲೆಯಲ್ಲಿ. ಸಮವಸ್ತ್ರವನ್ನು ನೋಡಿ ಒಳಗೆ ಬಿಡುವ ಗುರುಗಳು ಸೈಕಲ್ಲಿನಲ್ಲಿ ಬಂದ ಮಗುವಿನ ತಲೆಯನ್ನೂ ನೋಡಲಿ. ಇಲ್ಲವಾದರೆ ಮಗುವನ್ನು ಹಿಂದಕ್ಕೆ ಕಳುಹಿಸದೆ ತಂದೆತಾಯಿಗಳನ್ನು ಕರೆಸಲಿ. ಶಕ್ತಿಯಿಲ್ಲದವರಿಗೆ ಊರಿನವರು ಕೊಡಿಸಲಿ. ಮಕ್ಕಳಿಗೆ ಇದು ಅಭ್ಯಾಸವಾದರೆ ದೊಡ್ಡವರಾದಾಗ ಯಾವ ಪೊಲೀಸರೂ ಹೇಳಬೇಕಾಗದು.

ದುಡಿಯುವ ದೊಡ್ಡವರಿಗೆ ಬುದ್ಧಿಮಾತು ಇರಲಿ, ಅಗ್ಗದ ಬೆಲೆಗೆ ದೊರಕುವ ಏರ್ಪಾಡು ಇರಲಿ, ದಂಡ ಬೇಡ.

ಭಕ್ತರು ಗಮನಿಸಬೇಕಾದುವು

ಒಂದು: ಶಿರಸ್ತ್ರಾಣ ಹಣೆಯ ಮೇಲೆ ಹುಬ್ಬಿನಿಂದ ಎರಡು ಬೆರಳು ಎತ್ತರದಲ್ಲಿ ಸಮವಾಗಿ ಕೂರಬೇಕು, ಹಿಂದಕ್ಕೆ ಜಾರಿದರೆ ಹಣೆ ಬರಿದಾಗುತ್ತದೆ. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗದ್ದದ ಕೆಳಗೆ ಒಂದು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ಪಟ್ಟಿ ಬಿಗಿಯದ ಶಿರಸ್ತ್ರಾಣ ಬೀಳುವ ಮೊದಲೇ ಹಾರಿಹೋಗುತ್ತದೆ.

ಎರಡು: ಮಗುವಿಗೆ ಬೈಕಿನ ಭಾರವಾದ ಹೆಲ್ಮೆಟ್ ತೊಡಿಸಬಾರದು, ಕತ್ತಿಗೆ ಆಯಾಸ, ಬೇಸಿಗೆಯಲ್ಲಿ ಕಾವು. ಗಾಳಿಕಿಂಡಿಗಳಿರುವ ಸೈಕಲ್ ಶಿರಸ್ತ್ರಾಣವೇ ಬೇಕು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಅದರ ಕೆಳಗೆ ತೆಳುವಾದ ಹತ್ತಿ ಬಟ್ಟೆಯನ್ನು ಸುತ್ತಿಕೊಳ್ಳಬಹುದು. ರುಮಾಲು ಬಿಸಿಲನ್ನು ತಡೆಯುತ್ತದೆ. ಶಿರಸ್ತ್ರಾಣದ ಕೆಲಸ ಅದರಿಂದಾಗದು.

ಮೂರು: ಒಮ್ಮೆ ಜೋರಾದ ಪೆಟ್ಟು ತಿಂದ ಶಿರಸ್ತ್ರಾಣ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕುಸಿದಿರುತ್ತದೆ. ಅದನ್ನು ಮತ್ತೆ ಬಳಸಬಾರದು.

ನಾಲ್ಕು: ತಲೆಗೆ ಪೆಟ್ಟು ಬಿದ್ದವರನ್ನು, ಮೇಲೆ ಗಾಯ ಕಾಣದಿದ್ದರೂ, ಒಂದು ಹಗಲು ಒಂದು ರಾತ್ರಿ ಗಮನಿಸುತ್ತಿರಬೇಕು. ಏರುವ ತಲೆನೋವು, ಮರುಮರಳಿ ವಾಂತಿ, ಮಂಪರು, ತೊದಲು ಮಾತು, ಒಂದು ಕೈಕಾಲಿನಲ್ಲಿ ನಿಶ್ಶಕ್ತಿ, ಸೆಳವು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು. ರಕ್ತವನ್ನು ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರಂತೂ ಲಕ್ಷಣಗಳಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಅವರಲ್ಲಿ ದಿನಗಳು, ವಾರಗಳು ಕಳೆದ ಮೇಲೂ ತೊಂದರೆ ತಲೆದೋರಬಹುದು. ಈ ಸ್ಥಿತಿಯಲ್ಲಿ ಎಣ್ಣೆ, ಲೇಪ, ಕಷಾಯಗಳಿಗೆ ಸ್ಥಾನವಿಲ್ಲ. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ.

ಐದು: ರಸ್ತೆಯಲ್ಲಿ ಬಿದ್ದವರನ್ನು ಕಂಡು ಪೊಲೀಸು, ಕೋರ್ಟೆಂದು ಹೆದರಿ ಮುಂದೆ ಸಾಗಬಾರದು. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ನೀಡಿದೆ.

ಜೂನ್ ತಿಂಗಳು ಬಂದರೆ ಶಾಲೆಗಳು ತೆರೆಯುತ್ತವೆ. ಪುಸ್ತಕ, ಸಮವಸ್ತ್ರ, ಕೊಡೆಗಳ ಪಟ್ಟಿಯನ್ನು ಬರೆಯುವಾಗ ಸೈಕಲ್ ತುಳಿಯುವ ಮಗುವಿರುವ ಮನೆಯವರು ಶಿರಸ್ತ್ರಾಣವನ್ನು ಆ ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಲಿ. ಅನುಕೂಲವುಳ್ಳ ಭಕ್ತರು ತಮ್ಮ ಮಗುವಿಗೊಂದು ಕೊಳ್ಳುವಾಗ, ತಮ್ಮ ಮನೆಗೆ ಬೆಳಿಗ್ಗೆ ಹಾಲು ತಂದುಕೊಡುವವರಿಗೂ ಒಂದನ್ನು ಕೊಳ್ಳಲಿ.